ಆಪತ್ತಿಗೆ ಒದಗುವ ಹ್ಯಾಮ್ ರೇಡಿಯೋ

ಮಳೆಗಾಲದ ರಾತ್ರಿ ಕರೆಂಟು ಹೋಗಿ, ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ, ಗಲ್ಫಿನಲ್ಲಿರುವ ಮಗ ಎಷ್ಟು ಸಲ ಫೋನ್ ಮಾಡಿದನೋ ಎಂದು ಅಮ್ಮಂದಿರು ಚಡಪಡಿಸುವುದನ್ನು ನಮ್ಮ ಕಾಸರಗೋಡಿನ ಮನೆಗಳಲ್ಲಿ ನಾವೆಲ್ಲ ಕಂಡವರೇ. ಒಂದು ರಾತ್ರಿಗೇ ಹೀಗಾದರೆ, ವಿಪತ್ತಿನಲ್ಲಿ ಊರಿಗೆ ಊರೇ ಮೂಕವಾದರೆ ಗತಿ ಏನು?

2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನದ ಭಾನುವಾರ. ಹವ್ಯಾಸಿ ರೇಡಿಯೋ ತಂಡದೊಂದಿಗೆ ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನ ಹೋಟೆಲಿನಲ್ಲಿದ್ದರು. ಬೆಳಗ್ಗೆ ಆರೂವರೆಯ ಹೊತ್ತಿಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನುಗಳು ಸತ್ತವು. ಅವರು ಊರಿಗೆ ಓಡಲಿಲ್ಲ. ಸೆಟ್ಟನ್ನು ಮತ್ತೆ ಜೋಡಿಸಿ, ದ್ವೀಪದ ಜನರ ಕ್ಷೇಮಸಮಾಚಾರವನ್ನು ದೇಶದ ಇತರ ಹ್ಯಾಮ್‌ಗಳಿಗೆ ಮುಟ್ಟಿಸತೊಡಗಿದರು. ಆ ಹ್ಯಾಮ್‌ಗಳು ಅದನ್ನು ಬಂಧುಗಳಿಗೆ ತಿಳಿಸಿದರು. "ಬದುಕಿದ್ದಾರೆ" ಎಂಬ ಒಂದು ಮಾತಿಗೆ ಕಾದು ಕುಳಿತ ಮನೆಯವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದ್ದೀತು!

ಹ್ಯಾಮ್ ರೇಡಿಯೋಗೆ ಟವರ್ ಬೇಡ, ಕೇಬಲ್ ಬೇಡ. ಕಾರಿನ 12 ವೋಲ್ಟ್ ಬ್ಯಾಟರಿ, ಮರಕ್ಕೆ ಕಟ್ಟಿದ ತಂತಿಯ ಆಂಟೆನಾ ಇದ್ದರೂ ನಡೆಯುತ್ತದೆ. ಅದರ ಕಿರುತರಂಗಗಳು ಆಕಾಶದ ಅಯಾನುಗೋಳಕ್ಕೆ ಬಡಿದು ಮರಳಿ ಸಾವಿರಾರು ಕಿಲೋಮೀಟರ್ ದೂರ ತಲುಪುತ್ತವೆ. 2001ರ ಗುಜರಾತ್ ಭೂಕಂಪದಲ್ಲೂ, 2018ರ ನಮ್ಮ ಕೇರಳದ ನೆರೆಯಲ್ಲೂ ಹ್ಯಾಮ್‌ಗಳು ನೆರವಿಗೆ ನಿಂತರು. ಇದಕ್ಕೆ ಸಂಬಳವಿಲ್ಲ, ಹ್ಯಾಮ್ ರೇಡಿಯೋವನ್ನು ವ್ಯಾಪಾರಕ್ಕೆ ಬಳಸುವಂತೆಯೂ ಇಲ್ಲ.

ಆದರೆ ನೆರೆ ಬಂದ ದಿನ ಸೆಟ್ ಕೊಂಡರೆ ಕೆಲಸ ಆಗುವುದಿಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರುವುದು, ಹೆಸರು ವಿಳಾಸಗಳನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು, ತುರ್ತು ಸಂದೇಶಕ್ಕೆ ದಾರಿ ಬಿಡುವುದು, ಇವೆಲ್ಲ ಅಭ್ಯಾಸದಿಂದ ಬರಬೇಕು. ಊರೂರಿನ ಹ್ಯಾಮ್ ಕ್ಲಬ್‌ಗಳು ಮಾಡುವ ಸೇವೆ ಇದೇ. ಹೊಸಬರಿಗೆ ಕಲಿಸುತ್ತವೆ, ಪರೀಕ್ಷೆಗೆ ಸಿದ್ಧಪಡಿಸುತ್ತವೆ. ನಮಗೆ ಹತ್ತಿರದ ಮಂಗಳೂರಿನಲ್ಲೂ ಇಂಥ ಕ್ಲಬ್ ಇದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಪರವಾನಗಿಯನ್ನೂ ತಮ್ಮದೇ ಕರೆ ಸಂಕೇತವನ್ನೂ ಪಡೆಯಬಹುದು. ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ.

ರಜೆಯಲ್ಲಿ ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂದು ನಾವು ದೂರುತ್ತೇವೆ. ಈ ರಜೆಯಲ್ಲಿ ಅವರನ್ನು ಒಮ್ಮೆ ಹ್ಯಾಮ್ ಕ್ಲಬ್ಬಿಗೆ ಕರೆದುಕೊಂಡು ಹೋಗೋಣ. ವಾರ್ಡಿಗೊಬ್ಬ ಹ್ಯಾಮ್ ಇದ್ದರೆ ಮುಂದಿನ ಮಳೆಗಾಲದಲ್ಲಿ ಯಾವ ಅಮ್ಮನೂ ಸುದ್ದಿಗಾಗಿ ಒಬ್ಬಳೇ ಕಾಯಬೇಕಾಗಿಲ್ಲ. ಆಪತ್ತಿಗಾದವನೇ ನೆಂಟ ಎನ್ನುತ್ತಾರಲ್ಲ? ಆ ನೆಂಟ ನಮ್ಮ ಮನೆಯಲ್ಲೇ ಬೆಳೆಯಲಿ.