ಕಿವಿ ಕೆರೆದರೆ ಕೆಮ್ಮೇಕೆ?

ಕಿವಿಯ ಗುಗ್ಗೆ ತೆಗೆಯಲು ಹೋದರೆ ಕೆಲವರಿಗೆ ಕೆಮ್ಮು ಬಂದುಬಿಡುತ್ತದೆ. ಕಿವಿಗೂ ಗಂಟಲಿಗೂ ಎಲ್ಲಿಂದೆಲ್ಲಿಯ ನಂಟು? ನಂಟಿದೆ, ಅದರ ಹೆಸರು ವೇಗಸ್ ನರ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹತ್ತನೆಯದು. ಲ್ಯಾಟಿನ್‌ನಲ್ಲಿ ವೇಗಸ್ ಅಂದರೆ ಅಲೆಮಾರಿ. ಕಿವಿಗೊಂದು ಸಣ್ಣ ಕವಲು ಕೊಟ್ಟು, ಕುತ್ತಿಗೆಯಲ್ಲಿ ಇಳಿದು, ಗಂಟಲು, ಹೃದಯ, ಶ್ವಾಸಕೋಶ, ಕರುಳುಗಳನ್ನೆಲ್ಲ ಮುಟ್ಟುವ ನರಕ್ಕೆ ತಕ್ಕ ಹೆಸರೇ.

ಮೆದುಳಿನ ಅಪ್ಪಣೆಯನ್ನು ಕೆಳಗೆ ಮುಟ್ಟಿಸುವುದಷ್ಟೇ ಇದರ ಕೆಲಸವಲ್ಲ. ಇದರ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಒಡಲಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಹಾಗಾದರೆ ಆ ದಾರಿಯಲ್ಲಿ ನಾವೇ ಒಂದು ಸುದ್ದಿ ಕಳಿಸಿದರೆ? 1938ರಲ್ಲಿ ಬೈಲಿ ಮತ್ತು ಬ್ರೆಮರ್ ಎಂಬ ವಿಜ್ಞಾನಿಗಳು ಬೆಕ್ಕಿನ ವೇಗಸ್‌ಗೆ ವಿದ್ಯುತ್ ಹಾಯಿಸಿದಾಗ ಅದರ ಮೆದುಳಿನ ಅಲೆಗಳೇ ಬದಲಾದವು. 1985ರಲ್ಲಿ ಅಮೆರಿಕದ ವಿಜ್ಞಾನಿ ಜೇಕಬ್ ಜಬಾರಾ ನಾಯಿಗಳ ಫಿಟ್ಸನ್ನು ಇದೇ ರೀತಿ ತಡೆದು ತೋರಿಸಿದರು. 1988ರಲ್ಲಿ ಹೀಗೆ ಮಿಡಿತ ಕೊಡುವ ಯಂತ್ರವನ್ನು ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಲಾಯಿತು. 1997ರಲ್ಲಿ ಮಾತ್ರೆಗೆ ಬಗ್ಗದ ಮೂರ್ಛೆ ರೋಗಕ್ಕೆ, 2005ರಲ್ಲಿ ಹಟಮಾರಿ ಖಿನ್ನತೆಗೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಎದೆಯ ಎಡಬದಿ ಚರ್ಮದಡಿ ಪೇಸ್‌ಮೇಕರ್‌ನಂಥ ಪುಟ್ಟ ಯಂತ್ರ. ಅದರ ತಂತಿಯ ತುದಿ ಕುತ್ತಿಗೆಯ ಎಡ ವೇಗಸ್‌ಗೆ ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಬಲಬದಿಯ ನರ ಹೃದಯ ಬಡಿತದ ಮೂಲಕ್ಕೇ ಹೋಗುವುದರಿಂದ ಅದರ ಸಹವಾಸ ಬೇಡ. ಸಾಮಾನ್ಯವಾಗಿ 30 ಸೆಕೆಂಡು ಮಿಡಿತ, 5 ನಿಮಿಷ ಬಿಡುವು, ಹಗಲೂ ರಾತ್ರಿ. ಮಿಡಿಯುವಾಗ ಹಲವರಿಗೆ ಮಾತಿನ ನಡುವೆ ದನಿ ಗೊಗ್ಗರಾಗಿ, ಅರ್ಧ ನಿಮಿಷದಲ್ಲಿ ತಾನೇ ತಿಳಿಯಾಗುತ್ತದೆ. ದನಿಪೆಟ್ಟಿಗೆಗೂ ಇದೇ ನರದ ಕವಲು. ಫಿಟ್ಸ್ ಬರುವ ಸುಳಿವು ಸಿಕ್ಕರೆ ಯಂತ್ರದ ಮೇಲೊಮ್ಮೆ ಅಯಸ್ಕಾಂತ ಆಡಿಸಿ ಹೆಚ್ಚಿನ ಮಿಡಿತ ಪಡೆಯಬಹುದು. ನಮ್ಮಲ್ಲಿ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಾರಲ್ಲ, ಅದು ನೆನಪಾಗುತ್ತದೆ. ಅದರಲ್ಲಿ ಹುರುಳಿಲ್ಲ, ಇದರಲ್ಲಿದೆ.

ಮೇಲೆ ಏನಾಗುತ್ತದೆ? ಮಿಡಿತ ಮೊದಲು ಮೆದುಳಿನ ಬುಡ ಸೇರಿ, ಅಲ್ಲಿಂದ ಲೋಕಸ್ ಸಿರೂಲಿಯಸ್ ಎಂಬ ಪುಟ್ಟ ನೀಲಿ ತಾಣವನ್ನು ಎಚ್ಚರಿಸುತ್ತದೆ. ಆ ತಾಣ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಮೆದುಳಿನ ಉದ್ದಗಲಕ್ಕೂ ಹರಿಸುತ್ತದೆ. ಇಲಿಗಳಲ್ಲಿ ಈ ತಾಣವನ್ನು ಕೆಡಿಸಿದಾಗ ಫಿಟ್ಸ್ ತಡೆಯುವ ಗುಣವೂ ಹೋಯಿತು. ಮೆದುಳು ಸಂತೆಯಿದ್ದ ಹಾಗೆ, ಒಬ್ಬೊಬ್ಬರು ಒಂದೊಂದು ಮಾತಾಡುತ್ತಿದ್ದರೇ ವ್ಯಾಪಾರ. ಇಡೀ ಸಂತೆ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯತೊಡಗಿದರೆ ಅದು ಫಿಟ್ಸ್. ವೇಗಸ್‌ನ ಮಿಡಿತ ಆ ತಾಳ ತಪ್ಪಿಸುತ್ತದೆ ಎಂಬುದು ಒಂದು ವಿವರಣೆ. ಆದರೆ ಒಂದೇ ದಿನದಲ್ಲಿ ಅಲ್ಲ. ಗುಣ ಕಾಣಲು ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕು. ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಫಿಟ್ಸ್ ಅರ್ಧಕ್ಕಿಳಿಯುತ್ತದೆ. ಪೂರ್ತಿ ನಿಲ್ಲುವವರು ಕಡಿಮೆ.

ಫ್ರಾನ್ಸ್‌ನ ಲಿಯಾನ್‌ನಲ್ಲಿ ಇದಕ್ಕೆ ತಿರುವುಮುರುವಾದದ್ದು ನಡೆಯಿತು. ಅಪಘಾತದಲ್ಲಿ ಪ್ರಜ್ಞೆ ಕಳೆದುಕೊಂಡು 15 ವರ್ಷ ಮಲಗಿದ್ದ 35ರ ವ್ಯಕ್ತಿಗೆ ಸಂಶೋಧಕಿ ಆಂಜೆಲಾ ಸಿರಿಗು ಅವರ ತಂಡ ಈ ಯಂತ್ರ ಅಳವಡಿಸಿತು. ಒಂದು ತಿಂಗಳಲ್ಲಿ ಆತ ಕಣ್ಣಿನಿಂದ ವಸ್ತುವನ್ನು ಹಿಂಬಾಲಿಸಿದ, ಹೇಳಿದಾಗ ತಲೆ ತಿರುಗಿಸಿದ. ಯಾರೋ ತಟ್ಟನೆ ಮುಖದ ಹತ್ತಿರ ಬಂದಾಗ ಕಣ್ಣರಳಿಸಿದ. ಮೆದುಳಿನ ತೀಟಾ ಎಂಬ ಅಲೆಗಳು ಹೆಚ್ಚಿದ್ದವು, ಮಾತು ಬಿಟ್ಟಿದ್ದ ಭಾಗಗಳು ಮತ್ತೆ ಪರಸ್ಪರ ಸುದ್ದಿ ಹಂಚಿಕೊಳ್ಳುತ್ತಿದ್ದವು. 2017ರಲ್ಲಿ ಪ್ರಕಟವಾದ ಈ ವರದಿ ಒಬ್ಬನೇ ಮನುಷ್ಯನದು ಎಂಬುದನ್ನು ಮರೆಯಬಾರದು. ಫಿಟ್ಸ್‌ನಲ್ಲಿ ಗದ್ದಲದ ತಾಳ ಮುರಿಯುವ ಮಿಡಿತವೇ ಇಲ್ಲಿ ಮೌನ ಮುರಿಯುತ್ತದೆ. ನನಗೆ ಈ ನರದ ದೊಡ್ಡ ಬೆರಗು ಇದೇ.

ಈಗ ಕಿವಿಗೆ ಸಿಕ್ಕಿಸುವ ಕ್ಲಿಪ್ಪುಗಳೂ ಬಂದಿವೆ. ಕಿವಿಯ ಆ ಕವಲಿಗೆ ಮಿಡಿತ ಕೊಟ್ಟರೂ ಮೆದುಳಿನ ಬುಡ ಸ್ಪಂದಿಸುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹೊರಗಿನಿಂದಲೇ ವೇಗಸ್ಸನ್ನು ಮುಟ್ಟಬಹುದು ಎಂಬುದನ್ನೇ ಹಿಡಿದುಕೊಂಡು ರೀಲ್ಸ್‌ಗಳಲ್ಲಿ ಮುಖಕ್ಕೆ ಐಸ್ ನೀರು ಎರಚಿಕೊಂಡು ವೇಗಸ್ ಚಿಕಿತ್ಸೆ ಹೇಳಿಕೊಡುವವರು ತುಂಬಿದ್ದಾರೆ. ನೀರು ಎರಚಿಕೊಳ್ಳಿ, ಸೆಕೆಗೆ ಒಳ್ಳೆಯದು. ಫಿಟ್ಸ್ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಎದೆಯಲ್ಲಿ ಯಂತ್ರ ಇಟ್ಟುಕೊಂಡವರೂ ಸಾಮಾನ್ಯವಾಗಿ ಮಾತ್ರೆ ನುಂಗುತ್ತಲೇ ಇರುತ್ತಾರೆ.