ಎತ್ತರದ ಚಿಕ್ಕ ಕಾರು: ದಿನನಿತ್ಯದ ಓಡಾಟಕ್ಕೆ ಎಷ್ಟು ಯೋಗ್ಯ?

ಮಕ್ಕಳ ಶಾಲೆ, ಪತಿ-ಪತ್ನಿಯರ ಉದ್ಯೋಗ, ಹಿರಿಯರ ಆಸ್ಪತ್ರೆ, ಬಂಧುಗಳ ಮನೆಯ ಶುಭಕಾರ್ಯ - ಇವೆಲ್ಲಕ್ಕೂ ಮನೆಯಲ್ಲಿರುವ ದ್ವಿಚಕ್ರ ವಾಹನ ಸಾಲದೆಂಬ ಹಂತಕ್ಕೆ ಬಂದಾಗ ಮಧ್ಯಮ ವರ್ಗದ ಕುಟುಂಬ ಕಾರಿನತ್ತ ಕಣ್ಣು ಹಾಯಿಸುತ್ತದೆ. ಹಿಂದೆ ಈ ಆಯ್ಕೆ ಸುಲಭವಾಗಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ಬಹಳ ವರ್ಷಗಳವರೆಗೆ ಚಿಕ್ಕ ಕಾರೆಂದರೆ ಅದೇ ಎಂಬಂತಿತ್ತು. ಇಂದು ಮಾರಾಟ ಮಳಿಗೆಯನ್ನು ಹೊಕ್ಕವರ ಮುಂದೆ ಹತ್ತಾರು ಮಾದರಿಗಳು ನಿಲ್ಲುತ್ತವೆ. ಅವುಗಳಲ್ಲಿ ಹೆಚ್ಚು ಜನರ ಮನಸ್ಸನ್ನು ಸೆಳೆಯುತ್ತಿರುವುದು ಎತ್ತರದ ನಿಲುವಿನ, ಜೀಪಿನ ಗತ್ತಿನ ಪುಟ್ಟ ಕಾರು. ಇದನ್ನು ಚಿಕ್ಕ ಎಸ್.ಯು.ವಿ. ಎಂದು ಕರೆಯುವುದು ರೂಢಿಯಾಗಿದೆ.

ಈ ಬಗೆಯ ಕಾರು ನಿಜಕ್ಕೂ ದಿನನಿತ್ಯದ ಓಡಾಟಕ್ಕೆ ಹೇಳಿಸಿದ್ದೇ? ಜಾಹೀರಾತಿನ ಚಿತ್ರಗಳಲ್ಲಿ ಅದು ಬೆಟ್ಟ ಹತ್ತುತ್ತದೆ, ಹೊಳೆ ದಾಟುತ್ತದೆ. ನಮ್ಮ ಮನೆಯ ಕಾರು ಮಾಡಬೇಕಾದ ಕೆಲಸವಾದರೋ ಬೇರೆ. ಆದ್ದರಿಂದ ಟಾಟಾ ಸಂಸ್ಥೆಯ ಪಂಚ್ ಎಂಬ ಮಾದರಿಯನ್ನು ಮುಂದಿಟ್ಟುಕೊಂಡು, ಅದರ ನೇರ ಸ್ಪರ್ಧಿಯಾದ ಹ್ಯುಂಡೈ ಎಕ್ಸ್‌ಟರ್ ಕಾರನ್ನೂ ಜೊತೆಗಿರಿಸಿಕೊಂಡು, ಗೃಹಸ್ಥರ ದೃಷ್ಟಿಯಿಂದ ಈ ಪ್ರಶ್ನೆಯನ್ನು ಪರಿಶೀಲಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

ನಾಲ್ಕು ಮೀಟರಿನ ಗೆರೆ

ಈ ಕಾರುಗಳೆಲ್ಲ ನಾಲ್ಕು ಮೀಟರಿಗಿಂತ ಕಡಿಮೆ ಉದ್ದವಿರುವುದು ಆಕಸ್ಮಿಕವಲ್ಲ. 2006ರ ಕೇಂದ್ರ ಮುಂಗಡಪತ್ರದಲ್ಲಿ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದಾಗ, ನಾಲ್ಕು ಮೀಟರಿನೊಳಗಿನ ಉದ್ದ ಹಾಗೂ ಪೆಟ್ರೋಲ್ ಯಂತ್ರವಾದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮಿತಿಯನ್ನು ವಿಧಿಸಲಾಯಿತು. ಅಂದಿನಿಂದ ನಮ್ಮ ದೇಶದ ಕಾರು ತಯಾರಕರೆಲ್ಲ ಈ ಗೆರೆಯೊಳಗೆ ಏನೇನನ್ನು ಅಡಕಗೊಳಿಸಬಹುದೆಂಬ ಜಾಣ್ಮೆಯಲ್ಲಿ ತೊಡಗಿದರು. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್, 2016ರ ಮಾರುತಿ ವಿಟಾರಾ ಬ್ರೆಝಾ, 2017ರ ಟಾಟಾ ನೆಕ್ಸಾನ್ ಈ ಹಾದಿಯನ್ನು ಹಸನುಗೊಳಿಸಿದವು. 2021ರ ಅಕ್ಟೋಬರಿನಲ್ಲಿ ಪಂಚ್ ಬಂದಾಗ ಈ ರೂಪ ಇನ್ನಷ್ಟು ಅಗ್ಗದ ದರಕ್ಕೆ ಇಳಿಯಿತು. 2023ರ ಜುಲೈಯಲ್ಲಿ ಎಕ್ಸ್‌ಟರ್ ಅದನ್ನು ಹಿಂಬಾಲಿಸಿತು. 2024ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಪಂಚ್ ಕಾರುಗಳು ಮಾರಾಟವಾಗಿ, ಮಾರುತಿ ಕಾರುಗಳು ಸುಮಾರು ನಾಲ್ಕು ದಶಕಗಳಿಂದ ಕಾಯ್ದುಕೊಂಡು ಬಂದಿದ್ದ ಅಗ್ರಸ್ಥಾನ ಆ ವರ್ಷ ಅದರ ಪಾಲಾಯಿತು.

2025ರ ಸೆಪ್ಟೆಂಬರ್ 22ರಿಂದ ಇಂತಹ ಚಿಕ್ಕ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಮತ್ತು ಸೆಸ್ ಸೇರಿ ಶೇ. 29ರಷ್ಟಿದ್ದ ಹೊರೆ ಶೇ. 18ಕ್ಕೆ ಇಳಿಯಿತು. ಆ ಇಳಿಕೆಯೊಂದಿಗೆ ಎರಡೂ ಕಾರುಗಳ ಆರಂಭಿಕ ದರ ಆರು ಲಕ್ಷ ರೂಪಾಯಿಗಳ ಒಳಗೆ ಬಂದಿತು.

ಎತ್ತರದಿಂದ ಆಗುವ ಉಪಕಾರ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ಪಂಚ್ ಆಗಲಿ ಎಕ್ಸ್‌ಟರ್ ಆಗಲಿ ಹಳೆಯ ಅರ್ಥದ ಜೀಪಲ್ಲ. ಯಂತ್ರದ ಶಕ್ತಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹರಿಯುತ್ತದೆ. ಕೆಸರಿನ ಹೊಲದಲ್ಲಿ ಇಳಿಸಿದರೆ ಇತರ ಚಿಕ್ಕ ಕಾರುಗಳಂತೆ ಇವೂ ಹೂತು ನಿಲ್ಲುತ್ತವೆ. ಎಸ್.ಯು.ವಿ. ಎಂಬ ಹೆಸರಿಗೆ ಮರುಳಾಗಿ ಹಣ ತೆರುವವರು ಇದನ್ನು ಅರಿತಿರಬೇಕು.

ಹಾಗಿದ್ದರೂ ಎತ್ತರದಿಂದ ಎರಡು ನಿಜವಾದ ಪ್ರಯೋಜನಗಳುಂಟು. ಒಂದು, ಹತ್ತಿ ಇಳಿಯುವ ಸುಲಭತೆ. ಮಂಡಿನೋವಿನಿಂದ ಬಳಲುವ ಹಿರಿಯರಿಗೆ ತಗ್ಗಿನ ಕಾರಿನೊಳಗೆ ಕುಳಿತುಕೊಳ್ಳುವುದೇ ಒಂದು ಶಿಕ್ಷೆ. ಅದರಿಂದ ಏಳುವುದು ಇನ್ನೂ ದೊಡ್ಡ ಶಿಕ್ಷೆ. ಇಲ್ಲಿ ಆಸನ ಸೊಂಟದ ಮಟ್ಟಕ್ಕೆ ಸಮೀಪವಿರುವುದರಿಂದ ಬಗ್ಗುವ ಕಷ್ಟ ಕಡಿಮೆ. ಅದರಲ್ಲೂ ಪಂಚ್ ಕಾರಿನ ಬಾಗಿಲುಗಳು ತೊಂಬತ್ತು ಡಿಗ್ರಿಯಷ್ಟು ಪೂರ್ತಿಯಾಗಿ ತೆರೆದುಕೊಳ್ಳುತ್ತವೆ. ಸೀರೆಯುಟ್ಟ ಮಹಿಳೆಯರಿಗೂ ಕೋಲು ಹಿಡಿದ ವೃದ್ಧರಿಗೂ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಎರಡನೆಯದು ರಸ್ತೆಯ ಉಬ್ಬುತಗ್ಗುಗಳ ವಿಷಯ. ಕಾರಿನ ತಳಭಾಗಕ್ಕೂ ನೆಲಕ್ಕೂ ನಡುವಿನ ಅಂತರ ಪಂಚ್‌ನಲ್ಲಿ 187 ಮಿಲಿಮೀಟರ್, ಎಕ್ಸ್‌ಟರ್‌ನಲ್ಲಿ 185. ಮಾರುತಿ ಸ್ವಿಫ್ಟ್ ಕಾರಿನಲ್ಲಿ ಇದು 163. ಎರಡು ಸೆಂಟಿಮೀಟರಿನ ವ್ಯತ್ಯಾಸವೇನು ಮಹಾ ಎನ್ನಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯುಬ್ಬು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕು. ಅಂತಹ ಉಬ್ಬನ್ನು ಯಾವ ಕಾರಾದರೂ ದಾಟೀತು. ಆದರೆ ಬಡಾವಣೆಗಳಲ್ಲಿ, ಹಳ್ಳಿಗಳ ಬಾಗಿಲಲ್ಲಿ ಜನರು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಂಡ ಕಡಿದಾದ ದಿಣ್ಣೆಗಳ ಮೇಲೆ, ಐದು ಮಂದಿ ಕುಳಿತು ಕಾರು ತಗ್ಗಿದಾಗ, ಆ ಎರಡು ಸೆಂಟಿಮೀಟರೇ ತಳ ಉಜ್ಜುವುದನ್ನು ತಪ್ಪಿಸುತ್ತದೆ.

ಅಳತೆಯ ವಿಚಾರದಲ್ಲೂ ಇವು ಹದವಾಗಿವೆ. ಪಂಚ್ 3827 ಮಿಲಿಮೀಟರ್ ಉದ್ದ, 1742 ಅಗಲ. ಎಕ್ಸ್‌ಟರ್ 3815 ಉದ್ದ, 1710 ಅಗಲ. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದ ಬೈಲಿನಂತಹ ಇಕ್ಕಟ್ಟಿನ ಜಾಗಗಳಲ್ಲಿ ಒಂದೊಂದು ಅಂಗುಲವೂ ಲೆಕ್ಕಕ್ಕೆ ಬರುತ್ತದೆ. ಎತ್ತರದಲ್ಲಿ ಕುಳಿತು ಓಡಿಸುವವರಿಗೆ ಮುಂದಿನ ರಸ್ತೆ ವಿಶಾಲವಾಗಿ ಕಾಣುತ್ತದೆ. ಆದರೆ ಕಾರಿನ ಹಿಂದೆ ಹತ್ತಿರದಲ್ಲೇ ನಿಂತ ಮಗು ಕಾಣಿಸದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಹಿಂಬದಿಯ ಎಚ್ಚರಿಕೆ ಸಂವೇದಕ ಕಡ್ಡಾಯವಾಗಿದೆ. ಕ್ಯಾಮರಾ ಕೂಡ ಇರುವ ಮಾದರಿಯನ್ನು ಕೊಂಡರೆ ಮತ್ತೂ ಕ್ಷೇಮ.

ಯಂತ್ರದ ಸ್ವಭಾವ

ಪಂಚ್‌ನ ಸಾಮಾನ್ಯ ಪೆಟ್ರೋಲ್ ಯಂತ್ರ 1199 ಸಿ.ಸಿ.ಯದು, ಮೂರು ಸಿಲಿಂಡರುಗಳದು; ಅದರ ಬಲ ಸುಮಾರು 87 ಅಶ್ವಶಕ್ತಿ. ಎಕ್ಸ್‌ಟರ್‌ನದು 1197 ಸಿ.ಸಿ., ನಾಲ್ಕು ಸಿಲಿಂಡರು, 83 ಅಶ್ವಶಕ್ತಿ. ಅಂಕಿಗಳಲ್ಲಿ ಪಂಚ್ ಮುಂದಿದ್ದರೂ ಸೌಮ್ಯತೆಯಲ್ಲಿ ನಾಲ್ಕು ಸಿಲಿಂಡರಿನ ಯಂತ್ರವೇ ಮೇಲು. ಮೂರು ಸಿಲಿಂಡರಿನ ಯಂತ್ರಕ್ಕೆ ಸ್ವಲ್ಪ ನಡುಕ, ಸ್ವಲ್ಪ ಗುರುಗುಟ್ಟುವಿಕೆ ಜನ್ಮಜಾತವಾದದ್ದು. ಸಿಗ್ನಲ್ಲಿನಲ್ಲಿ ನಿಂತಾಗ ಅದು ಅರಿವಿಗೆ ಬರುತ್ತದೆ, ಓಡುವಾಗ ಮರೆತುಹೋಗುತ್ತದೆ.

ನಗರದ ನಲವತ್ತು ಕಿಲೋಮೀಟರ್ ವೇಗಕ್ಕೆ ಎರಡೂ ಧಾರಾಳವಾಗಿ ಸಾಕು. ಹೆದ್ದಾರಿಯಲ್ಲಿ, ನಾಲ್ವರು ಕುಳಿತು ಸಾಮಾನು ತುಂಬಿರುವಾಗ, ಮುಂದಿನ ಲಾರಿಯನ್ನು ಹಿಂದಿಕ್ಕಬೇಕಾದರೆ ತಾಳ್ಮೆ ಬೇಕು, ಒಂದು ಗೇರು ಇಳಿಸುವ ಅಭ್ಯಾಸವೂ ಬೇಕು. ಚಾರ್ಮಾಡಿ, ಆಗುಂಬೆಯಂತಹ ಘಟ್ಟಗಳನ್ನು ಇವು ಏರುತ್ತವೆ, ಹಾರುತ್ತ ಏರುವುದಿಲ್ಲ. ಎತ್ತರದ ದೇಹ ತಿರುವುಗಳಲ್ಲಿ ತುಸು ವಾಲುವುದೂ ಸಹಜವೇ.

ದಟ್ಟಣೆಯಲ್ಲಿ ದಿನಕ್ಕೆ ನೂರಾರು ಬಾರಿ ಕ್ಲಚ್ಚು ತುಳಿಯುವ ಬೇಸರ ತಪ್ಪಿಸಲು ಎ.ಎಂ.ಟಿ. ಎಂಬ ಸ್ವಯಂಚಾಲಿತ ಗೇರಿನ ವ್ಯವಸ್ಥೆಯುಂಟು. ಅದು ಸಾಮಾನ್ಯ ಗೇರುಪೆಟ್ಟಿಗೆಯೇ. ಕ್ಲಚ್ಚು ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರವೇ ಮಾಡುತ್ತದೆ. ಆದ್ದರಿಂದ ಪ್ರತಿ ಬದಲಾವಣೆಯ ವೇಳೆ ಒಂದು ಕ್ಷಣದ ತಡೆ, ಸಣ್ಣ ಜಗ್ಗು ಉಂಟಾಗುತ್ತದೆ. ಕಾಲನ್ನು ಲಘುವಾಗಿ ಎತ್ತುವುದನ್ನು ಕಲಿತರೆ ಇದು ಬಹಳಷ್ಟು ತಗ್ಗುತ್ತದೆ. ಅರ್ಧ ಲಕ್ಷಕ್ಕೂ ಅಧಿಕವಾದ ಈ ಹೆಚ್ಚುವರಿ ಬೆಲೆ, ದಿನವೂ ಒಂದು ಗಂಟೆ ದಟ್ಟಣೆಯಲ್ಲಿ ಕಳೆಯುವವರಿಗೆ ಸಾರ್ಥಕ. ಚಿಕ್ಕ ಊರುಗಳಲ್ಲಿರುವವರಿಗೆ ಅಷ್ಟಾಗಿ ಅಗತ್ಯವಿಲ್ಲ.

ಖರ್ಚಿನ ಲೆಕ್ಕ

ಸಂಸ್ಥೆಗಳು ಹೇಳುವ ಲೀಟರಿಗೆ ಹತ್ತೊಂಬತ್ತು ಇಪ್ಪತ್ತು ಕಿಲೋಮೀಟರು ಪ್ರಯೋಗಶಾಲೆಯ ಲೆಕ್ಕ. ನಿಂತು ನಿಂತು ಸಾಗುವ ನಗರದಲ್ಲಿ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಮೇಲಾಗಿ ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದ್ದರಿಂದ ಮೈಲೇಜು ತುಸು ಇಳಿಯುವುದು ಸ್ವಾಭಾವಿಕ. ಆದ್ದರಿಂದ ಹದಿನೈದು ಕಿಲೋಮೀಟರ್ ಎಂದು ಹಿಡಿದು ನಡೆಯುವುದೇ ವಿವೇಕ.

ದಿನಕ್ಕೆ 30 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 750 ಕಿಲೋಮೀಟರು, ಅಂದರೆ 50 ಲೀಟರು. ಲೀಟರಿಗೆ 100 ರೂಪಾಯಿ ಎಂದು ಎಣಿಸಿದರೂ 5000 ರೂಪಾಯಿ. ಇದೇ ದೂರವನ್ನು ಸಿ.ಎನ್.ಜಿ. ಅನಿಲದಿಂದ, ಕಿಲೋಗೆ 20 ಕಿಲೋಮೀಟರು ಮತ್ತು 90 ರೂಪಾಯಿಗಳ ಲೆಕ್ಕದಲ್ಲಿ ಕ್ರಮಿಸಿದರೆ 3375 ರೂಪಾಯಿ. ತಿಂಗಳ ಉಳಿತಾಯ 1625. ಅನಿಲದ ಮಾದರಿಗೆ ಒಂದು ಲಕ್ಷ ರೂಪಾಯಿ ಹೆಚ್ಚು ತೆತ್ತರೆ ಅದು ಮರಳಿ ಬರಲು ಐದು ವರ್ಷಕ್ಕೂ ಮೇಲೆ ಬೇಕು. ದಿನಕ್ಕೆ 60 ಕಿಲೋಮೀಟರು ಓಡುವವರಿಗೆ ಎರಡೂವರೆ ವರ್ಷ ಸಾಕು. ಪಂಚ್‌ನಲ್ಲಿ ಅನಿಲದ ತೊಟ್ಟಿಗಳು ಸಾಮಾನಿನ ಜಾಗವನ್ನು 366 ಲೀಟರಿನಿಂದ 210ಕ್ಕೆ ಇಳಿಸುತ್ತವೆಂಬುದನ್ನೂ, ತಮ್ಮ ಊರಿನಲ್ಲಿ ಅನಿಲ ಕೇಂದ್ರ ಎಷ್ಟು ದೂರವಿದೆಯೆಂಬುದನ್ನೂ ಗಮನದಲ್ಲಿಡಬೇಕು.

ಕೊಳ್ಳುವಾಗ ಮಳಿಗೆಯ ದರವೊಂದೇ ಬೆಲೆಯಲ್ಲ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 14ರ ಜೀವಾವಧಿ ತೆರಿಗೆಯೂ ಅದರ ಮೇಲೆ ಸೆಸ್ಸೂ ಉಂಟು. ಏಳು ಲಕ್ಷದ ಕಾರಿಗೆ ಇದೇ ಒಂದು ಲಕ್ಷ ಮೀರುತ್ತದೆ; ವಿಮೆ ಬೇರೆ. ಇನ್ನು ಸಾಲದ ಮಾತು. ಏಳು ಲಕ್ಷ ರೂಪಾಯಿಗಳನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು 14,531 ರೂಪಾಯಿ. ಒಟ್ಟು ಬಡ್ಡಿ ಸುಮಾರು 1 ಲಕ್ಷ 72 ಸಾವಿರ. ಕಂತು ಹಗುರವೆಂದು ಏಳು ವರ್ಷಕ್ಕೆ ಹಿಗ್ಗಿಸಿದರೆ 11,262 ರೂಪಾಯಿಯಾಗುತ್ತದೆ ನಿಜ. ಆದರೆ ಬಡ್ಡಿ 2 ಲಕ್ಷ 46 ಸಾವಿರಕ್ಕೆ ಏರುತ್ತದೆ. ಕಂತು, ಇಂಧನ, ವಿಮೆ, ದುರಸ್ತಿ ಎಲ್ಲ ಕೂಡಿ ತಿಂಗಳ ಸಂಬಳದಲ್ಲಿ ಎಷ್ಟನ್ನು ನುಂಗುತ್ತದೆಂಬುದನ್ನು ಮನೆಯವರೆಲ್ಲ ಕುಳಿತು ಕಾಗದದ ಮೇಲೆ ಬರೆದು ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆ ಇಟ್ಟ ಹಣ ಅಂಗಳದಲ್ಲಿ ನಿಂತ ಕಾರಿಗೆ ಹೋದರೆ ಆ ಕಾರಿನಿಂದ ಯಾವ ಸುಖ?

ಗಾಜಿನ ಸೂರೋ, ಪ್ರಾಣರಕ್ಷಣೆಯೋ?

ಈ ಕಾರುಗಳ ಆಯ್ಕೆಯಲ್ಲಿ ನಾವು ಎಲ್ಲಕ್ಕಿಂತ ಮಿಗಿಲಾಗಿ ಒತ್ತಿ ಹೇಳಬಯಸುವ ವಿಷಯ ಸುರಕ್ಷತೆ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನಡೆಸಿದ ಪರೀಕ್ಷೆಯಲ್ಲಿ ಪಂಚ್ ವಯಸ್ಕರ ರಕ್ಷಣೆಗೆ ಐದು ತಾರೆಗಳನ್ನೂ ಮಕ್ಕಳ ರಕ್ಷಣೆಗೆ ನಾಲ್ಕು ತಾರೆಗಳನ್ನೂ ಪಡೆಯಿತು. ಎಕ್ಸ್‌ಟರ್ ತನ್ನ ಎಲ್ಲ ಮಾದರಿಗಳಲ್ಲೂ ಆರು ಗಾಳಿಚೀಲಗಳನ್ನು ಇರಿಸಿಕೊಂಡೇ ಮಾರುಕಟ್ಟೆಗೆ ಬಂದಿತು. ಅಗ್ಗದ ಕಾರೆಂದರೆ ತಗಡಿನ ಡಬ್ಬಿಯೆಂದು ಹಳಿಯುತ್ತಿದ್ದ ಕಾಲ ಹಿಂದೆ ಸರಿಯುತ್ತಿದೆಯೆಂಬುದು ಸಂತೋಷದ ಸಂಗತಿ.

ಆದರೆ ತಾರೆಗಳು ಪಟ್ಟಿ ಕಟ್ಟಿಕೊಂಡವರಿಗೆ ಮಾತ್ರ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅವರಲ್ಲಿ 16,715 ಮಂದಿ ಸೀಟುಪಟ್ಟಿ ಧರಿಸಿರಲಿಲ್ಲ. ಈ 16,715 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ಹಿಂಬದಿಯಲ್ಲಿ ಕೂತ ಅಜ್ಜಿಗೂ ಮೊಮ್ಮಗನಿಗೂ ಪಟ್ಟಿ ಬೇಡವೆಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಕುಳಿತ ತಾಯಂದಿರನ್ನು ದಿನವೂ ಕಾಣುತ್ತೇವೆ. ಮಗುವಿಗಾಗಿ ಪ್ರತ್ಯೇಕ ಆಸನವನ್ನು ಹಿಂದೆ ಜೋಡಿಸಲು ಐಸೋಫಿಕ್ಸ್ ಕೊಂಡಿಗಳಿವೆಯೇ ಎಂದು ಕೇಳುವವರು ವಿರಳ. ಮೇಲ್ಛಾವಣಿಯಲ್ಲಿ ಗಾಜಿನ ಕಿಟಕಿ ಇದೆಯೇ ಎಂದು ಕೇಳುವವರು ಬಹಳ. ಎರಡು ಮಾದರಿಗಳ ನಡುವೆ ಕೈಯಲ್ಲಿರುವ ಹಣ ಅಳೆದು ಸುರಿದಂತಿದ್ದರೆ, ಗಾಜಿನ ಸೂರನ್ನೂ ದೊಡ್ಡ ಪರದೆಯನ್ನೂ ಬಿಟ್ಟು, ಆ ಹಣವನ್ನು ಗಾಳಿಚೀಲ, ಹಿಂಬದಿಯ ಕ್ಯಾಮರಾ, ಮಗುವಿನ ಆಸನಕ್ಕೆ ವಿನಿಯೋಗಿಸಿರೆಂಬುದು ನಮ್ಮ ಖಚಿತ ಸಲಹೆ.

ಕೊನೆಯ ಮಾತು

ನಾಲ್ವರ ಕುಟುಂಬ, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಓಡಾಟ, ತಿಂಗಳಿಗೊಮ್ಮೆ ಸ್ವಂತ ಊರಿಗೆ ಪ್ರಯಾಣ, ಮನೆಯಲ್ಲಿ ವಯಸ್ಸಾದ ತಂದೆತಾಯಿ - ಇಂತಹ ಮನೆಗೆ ಈ ಎತ್ತರದ ಚಿಕ್ಕ ಕಾರು ಒಪ್ಪುವ ಸಾಧನವೆಂದೇ ನಮ್ಮ ಅಭಿಪ್ರಾಯ. ಗಟ್ಟಿತನ ಮತ್ತು ಬಾಗಿಲ ಸೌಕರ್ಯ ಮುಖ್ಯವೆನ್ನುವವರು ಪಂಚ್‌ನತ್ತ, ಯಂತ್ರದ ನಯ ಮತ್ತು 391 ಲೀಟರಿನ ಸಾಮಾನಿನ ಜಾಗ ಮುಖ್ಯವೆನ್ನುವವರು ಎಕ್ಸ್‌ಟರ್‌ನತ್ತ ಒಲಿಯಬಹುದು. ನಿತ್ಯವೂ ಐವರು ದೊಡ್ಡವರು ಪಯಣಿಸುವ ಮನೆಗೆ ಎರಡೂ ಇಕ್ಕಟ್ಟು. ವಾರಕ್ಕೆ ಎರಡು ದಿನ ಮಾತ್ರ ಕಾರು ಹೊರತೆಗೆಯುವವರು, ಬಸ್ಸು ಇಲ್ಲವೇ ಮೆಟ್ರೋ ಸಮೀಪವಿರುವವರು, ಇನ್ನೊಂದೆರಡು ವರ್ಷ ಕಾದರೂ ನಷ್ಟವಿಲ್ಲ.

ಹಣ ಕಟ್ಟುವ ಮುನ್ನ ಪರೀಕ್ಷಾ ಓಟಕ್ಕೆ ಮಳಿಗೆಯವರು ತೋರಿಸುವ ನುಣುಪಾದ ರಸ್ತೆ ಸಾಲದು. ನೀವು ದಿನವೂ ಹೋಗಿಬರುವ ದಾರಿಯಲ್ಲೇ, ದಟ್ಟಣೆಯ ವೇಳೆಯಲ್ಲೇ, ಮನೆಯ ಹಿರಿಯರನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಓಡಿಸಿ ನೋಡಿರಿ. ನಿಮ್ಮ ಓಣಿಯ ಉಬ್ಬನ್ನು ದಾಟಿಸಿರಿ. ಏರುದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿರಿ. ಕಾರನ್ನು ನಿತ್ಯವೂ ಓಡಿಸಬೇಕಾದವರು ಮನೆಯೊಡತಿಯಾದರೆ ಅವರೇ ಓಡಿಸಿ ನೋಡಲಿ. ಅವರ ಒಪ್ಪಿಗೆ ದೊರೆತ ಮೇಲಷ್ಟೇ ಮುಂಗಡ ಕೊಡಿರಿ.