ಸೆರೆಯ ಹದಿನೈದು ವರ್ಷ

ನಂದಿಬೆಟ್ಟವನ್ನು ಹತ್ತಿದವರಿಗೆ ಟಿಪ್ಪುವಿನ ಹೆಸರನ್ನು ಯಾರೂ ನೆನಪಿಸಬೇಕಾಗಿಲ್ಲ. ಕೋಟೆಯೂ ಬೇಸಿಗೆಯ ಅರಮನೆಯೂ ಅಲ್ಲೇ ಇವೆ. ಅವನು ಹುಟ್ಟಿದ ದೇವನಹಳ್ಳಿ ಕೆಳಗೆ ಹೆದ್ದಾರಿಯ ಬದಿಗಿದೆ. ತಂದೆ ಹೈದರಾಲಿ ಹುಟ್ಟಿದ ಬೂದಿಕೋಟೆ ಕೋಲಾರ ಜಿಲ್ಲೆಯದು. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳೂ 2007ರವರೆಗೆ ಆ ಜಿಲ್ಲೆಗೇ ಸೇರಿದ್ದವು. ಈ ಸೀಮೆಯವನಾದ ನನಗೆ ಅವರು ನೆರೆಮನೆಯವರಿದ್ದಂತೆ. ನೆರೆಮನೆಯವರ ತಪ್ಪನ್ನು ಹೇಳುವಾಗ ನಾಲಿಗೆ ತುಸು ತಡವರಿಸುತ್ತದೆ. ಆದರೂ ಹೇಳಬೇಕಾದುದೊಂದಿದೆ.

ಕ್ರೈಸ್ತಧರ್ಮ ನಮ್ಮ ನಾಡಿಗೆ ಇಂಗ್ಲಿಷರೊಡನೆ ಬಂದುದೆಂಬ ಭಾವನೆ ಸಾಮಾನ್ಯ. ಫ್ರೆಂಚ್ ಜೆಸುಯಿಟ್ ಪಾದ್ರಿ ಲೆ ಗಾಕ್ 1709ರಲ್ಲಿಯೇ ಚಿಕ್ಕಬಳ್ಳಾಪುರದಿಂದ ಪಾಂಡಿಚೇರಿಗೆ ಪತ್ರ ಬರೆದಿದ್ದನೆಂಬುದು ಹಲವರಿಗೆ ತಿಳಿಯದು. ಕರಾವಳಿಯಲ್ಲಿಯಂತೂ ಗೋವೆಯಿಂದ ಬಂದ ಕೊಂಕಣಿ ಕಥೋಲಿಕರು ಕೆಳದಿಯ ಅರಸರ ಕಾಲದಿಂದಲೂ ಹೊಲಗದ್ದೆ ಮಾಡಿಕೊಂಡು ಬಾಳಿದ್ದರು. 1763ರಲ್ಲಿ ಬಿದನೂರು ಹೈದರನ ಕೈವಶವಾದಾಗ ಅವರೂ ಅವನ ಪ್ರಜೆಗಳಾದರು.

1783ರಲ್ಲಿ ಇಂಗ್ಲಿಷರ ಸೇನೆ ಮಂಗಳೂರನ್ನು ಹಿಡಿಯಿತು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, 1784ರ ಜನವರಿಯ ಕೊನೆಯಲ್ಲಿ ಅದನ್ನು ಮರಳಿ ಪಡೆದನು. ಕ್ರೈಸ್ತರು ಶತ್ರುವಿಗೆ ಹಣ, ಧಾನ್ಯ ಒದಗಿಸಿದರೆಂಬ ಆರೋಪ ಅವರ ಮೇಲೆ ಬಂದಿತು. ಕೆಲವರು ನೆರವಾಗಿದ್ದಿರಲೂಬಹುದು. ಆದರೆ ಫೆಬ್ರವರಿಯಲ್ಲಿ ಹೊರಟ ಆಜ್ಞೆ ಆ ಕೆಲವರನ್ನು ಹುಡುಕಲಿಲ್ಲ. ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಇಡೀ ಸಮುದಾಯವನ್ನು ಹಿಡಿಯಿತು. ಆಸ್ತಿ ಸರಕಾರದ ಪಾಲಾಯಿತು, ಇಗರ್ಜಿಗಳು ನೆಲಸಮವಾದವು, ಪಾದ್ರಿಗಳು ಗೋವೆಗೆ ಗಡೀಪಾರಾದರು. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿಯೇ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿಯನ್ನು ಬಲವಂತವಾಗಿ ಮತಾಂತರಿಸಿ, ತರುಣರನ್ನು ಅಹಮದಿ ಎಂಬ ಪಡೆಗೆ ಸೇರಿಸಲಾಯಿತು.

ಸೆರೆಯಾದವರೆಷ್ಟು? ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳುಂಟು. ಟಿಪ್ಪುವಿನ ಕಡೆಯ ಬರಹಗಳು ತಮ್ಮ ದೊರೆಯ ಪ್ರತಾಪವನ್ನು ಹಿಗ್ಗಿಸಿರಬಹುದು; ಇಂಗ್ಲಿಷರ ಬರಹಗಳು ತಮ್ಮ ಯುದ್ಧವನ್ನು ಸಮರ್ಥಿಸಲು ಅವನ ಕ್ರೌರ್ಯವನ್ನು ಹಿಗ್ಗಿಸಿರಬಹುದು. ಸಂಖ್ಯೆಯ ಬಗೆಗೆ ಎಚ್ಚರಿಕೆ ಬೇಕು. ಆದರೆ ಸಂಖ್ಯೆ ಸಂದಿಗ್ಧವೆಂದ ಮಾತ್ರಕ್ಕೆ ಘಟನೆಯೇ ಸಂದಿಗ್ಧವಾಗುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವಾಗಿ ಜಗದ್ಗುರುಗಳಿಗೆ ಗೌರವದಿಂದ ಪತ್ರ ಬರೆದವನೂ ಇದೇ ಟಿಪ್ಪು. ಯಾವುದು ನಿಜ? ನನಗೆ ತೋರುವಂತೆ ಎರಡೂ ನಿಜ. ತನಗೆ ನಿಷ್ಠರೆಂದು ತಿಳಿದವರಲ್ಲಿ ಔದಾರ್ಯ, ಶಂಕಿತರಲ್ಲಿ ನಿರ್ದಾಕ್ಷಿಣ್ಯ: ಇದು ಅವನ ರಾಜನೀತಿ. ಶಂಕೆಗೆ ಸಾಕ್ಷಿಯನ್ನು ಕೇಳಬೇಕಾದಲ್ಲಿ ಆ ನೀತಿ ಹುಟ್ಟನ್ನು ಕೇಳಿತು. ಯಾವ ಇಗರ್ಜಿಗೆ ಹೋಗುವೆ ಎಂಬುದೇ ಅಪರಾಧದ ಪುರಾವೆಯಾಯಿತು. ಅನ್ಯಾಯದ ಬೇರು ಇರುವುದು ಇಲ್ಲಿ. ಎದುರಿಗಿದ್ದ ಶತ್ರು ನಿಜವಾಗಿದ್ದನೆಂಬುದು ಅದಕ್ಕೆ ಸಮಾಧಾನವಾಗಲಾರದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಹದಿನೈದು ವರ್ಷಗಳ ಸೆರೆ ಬಿಚ್ಚಿತು. ಹೋದವರಲ್ಲಿ ಒಂದು ಪಾಲು ಮಾತ್ರ ಕರಾವಳಿಗೆ ಮರಳಿ ಮನೆ, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡಿತು. ಮತಾಂತರಗೊಂಡವರನ್ನು ಮರಳಿ ಸೇರಿಸಿಕೊಳ್ಳುವ ಕೆಲಸಕ್ಕೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಮುಂದೆ ನಮ್ಮ ಆಚಾರವಿಚಾರಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು.

ಶ್ರೋತೃಗಳೇ, ಈ ಕಥೆಯನ್ನು ಹೇಳಲು ಅಂಜುವವರಿದ್ದಾರೆ. ಇದನ್ನು ಇಂದಿನ ನೆರೆಯವರ ಮೇಲೆ ಕಲ್ಲಾಗಿ ಎಸೆಯಲು ಹವಣಿಸುವವರೂ ಇದ್ದಾರೆ. ಈ ಇಬ್ಬರಿಂದಲೂ ಸೆರೆಹೋದವರಿಗೆ ನ್ಯಾಯ ದೊರೆಯದು. ಅಂದು ನಡೆದ ಅನ್ಯಾಯ ಕೆಲವರ ತಪ್ಪಿಗೆ ಕುಲವನ್ನೆಲ್ಲ ದಂಡಿಸಿದುದು. ಒಬ್ಬ ಸುಲ್ತಾನನ ತಪ್ಪಿಗೆ ಇಂದು ಇನ್ನೊಂದು ಕುಲವನ್ನು ದೂರಿದರೆ ನಾವು ಅದೇ ಅನ್ಯಾಯವನ್ನು ಮುಂದುವರಿಸಿದಂತಾಗುತ್ತದೆ. ನಂದಿಯ ಕೋಟೆಗೋಡೆಯ ಮೇಲೆ ಕೈಯಿಟ್ಟು ನಿಂತಾಗಲೆಲ್ಲ ನನಗೆ ಘಟ್ಟದ ದಾರಿಯಲ್ಲಿ ಮಕ್ಕಳನ್ನು ಹೊತ್ತು ನಡೆದ ಆ ತಾಯಂದಿರು ನೆನಪಾಗುತ್ತಾರೆ.